ನ್ಯಾಟ್ ಕಿಂಗ್ ಕೋಲ್ ಅವರ ‘ಲವ್ ಈಸ್ ದ ಥಿಂಗ್’: ಹಳೇ ಪ್ಲೇಟು ಆರಿಸೋದು, ತೊಳೆಯೋದು, ಕೇಳೋದು ಹೇಗೆ

ಹಳೇ ಸಿನಿಮಾ ಹಾಡಿನ ಗ್ರಾಮಫೋನ್ ಪ್ಲೇಟು, ಅಂದರೆ ಎಲ್‌ಪಿ ಸ್ವಲ್ಪ ಚಟಪಟ ಅಂದರೂ ನಡೆಯುತ್ತದೆ. ತಬಲಾ, ಢೋಲಕ್ ಶುರುವಾದ ಕೂಡಲೇ ಆ ಸದ್ದು ಅದರಡಿ ಮುಚ್ಚಿಹೋಗುತ್ತದೆ. ರಾಕ್ ಬ್ಯಾಂಡಿನ ಪ್ಲೇಟಾದರೆ ಹೇಳೋದೇ ಬೇಡ. ಆದರೆ ಅಮೆರಿಕದ ಹಾಡುಗಾರ ನ್ಯಾಟ್ ಕಿಂಗ್ ಕೋಲ್ ಅವರ ‘ಲವ್ ಈಸ್ ದ ಥಿಂಗ್’ಗೆ ಆ ಅನುಕೂಲ ಇಲ್ಲ. ಅದರಲ್ಲಿರೋದು ಒಂದು ಮೆಲುದನಿ, ಅದರ ಹಿಂದೆ ದೊಡ್ಡದೊಂದು ಪಿಟೀಲು ಮೇಳ, ಮತ್ತೆ ಸಾಲು ಸಾಲಿನ ನಡುವೆ ಸಾಕಷ್ಟು ಮೌನ. ಆ ಮೌನದಲ್ಲಿ ಒಂದು ಧೂಳಿನ ಕಣ ಇದ್ದರೂ ಕಿವಿಗೆ ಬೀಳುತ್ತದೆ. ಅದಕ್ಕೇ ಇದನ್ನು ಕೊಳ್ಳುವಾಗ, ತೊಳೆಯುವಾಗ, ಹಾಕುವಾಗ ಬೇರೆ ಪ್ಲೇಟಿಗಿಂತ ಜಾಸ್ತಿ ಜೋಪಾನ ಬೇಕು. ನಾನು ಒಂದೆರಡು ಸಲ ದುಡ್ಡು ಕಳೆದುಕೊಂಡು ಕಲಿತಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ, ನೀವು ಕಳೆದುಕೊಳ್ಳೋದು ಬೇಡ ಅಂತ.

ಆಲ್ಬಂ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಕೋಲ್ ಮೊದಲು ಹೆಸರು ಮಾಡಿದ್ದು ಜಾಝ್ ಪಿಯಾನೋದಲ್ಲಿ. 1937ರಿಂದ ಪಿಯಾನೋ, ಗಿಟಾರ್, ಬಾಸ್ ಇಷ್ಟೇ ಇದ್ದ ಮೂವರ ತಂಡ ಕಟ್ಟಿಕೊಂಡು ನುಡಿಸುತ್ತಿದ್ದರು. ಹಾಡೋದು ಆಮೇಲೆ ಮುಂದಕ್ಕೆ ಬಂತು, ಕೊನೆಗೆ ಜನ ಅವರನ್ನು ಹಾಡುಗಾರ ಅಂತಲೇ ಗುರುತಿಸಿದರು. 1956ರ ಡಿಸೆಂಬರ್‌ನಲ್ಲಿ ಹಾಲಿವುಡ್‌ನ ಕ್ಯಾಪಿಟಲ್ ಕಂಪನಿಯ ಸ್ಟುಡಿಯೋದಲ್ಲಿ, ಆಗಷ್ಟೇ ಎದ್ದಿದ್ದ ಆ 13 ಮಹಡಿಯ ಗುಂಡನೆ ಕಟ್ಟಡದಲ್ಲಿ, ಸಂಗೀತ ಸಂಯೋಜಕ ಗಾರ್ಡನ್ ಜೆಂಕಿನ್ಸ್ ಜೊತೆ ಸೇರಿ ಈ ಹಾಡುಗಳನ್ನು ರೆಕಾರ್ಡ್ ಮಾಡಿದರು. 1957ರಲ್ಲಿ ಆಲ್ಬಂ ಬಂತು, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇ ಹೋಯಿತು.

ರೆಕಾರ್ಡ್ ಮಾಡಿದ ಆ ವರ್ಷ ಅವರ ಪಾಲಿಗೆ ಹೇಗಿತ್ತು ಅನ್ನೋದೂ ಗೊತ್ತಿರಲಿ. 1956ರ ಏಪ್ರಿಲ್ 10ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾಡುತ್ತಿದ್ದಾಗಲೇ ಬಿಳಿಯ ಜನಾಂಗವಾದಿಗಳು ವೇದಿಕೆಗೆ ನುಗ್ಗಿ ಅವರ ಮೇಲೆ ಕೈ ಮಾಡಿದರು. ಅದೇ ನವೆಂಬರ್‌ನಲ್ಲಿ ಎನ್‌ಬಿಸಿ ಟಿವಿಯಲ್ಲಿ ಅವರದೇ ಕಾರ್ಯಕ್ರಮ ಶುರುವಾಯಿತು, ಆದರೆ ಕರಿಯ ಕಲಾವಿದರ ಕಾರ್ಯಕ್ರಮಕ್ಕೆ ದೇಶಪೂರ್ತಿ ಜಾಹೀರಾತು ಕೊಡೋಕೆ ಯಾವ ದೊಡ್ಡ ಕಂಪನಿಯೂ ಮುಂದೆ ಬರಲಿಲ್ಲ. ಇಷ್ಟೆಲ್ಲ ಆದ ವರ್ಷದ ಕೊನೆಯಲ್ಲಿ ಸ್ಟುಡಿಯೋಗೆ ಬಂದು ಇಷ್ಟು ಮೆತ್ತಗೆ, ಒಂದಿಷ್ಟೂ ಕಹಿಯಿಲ್ಲದೆ ಹಾಡಿದ್ದಾರಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಮೊದಲು ಫೋನಿನಲ್ಲಿ ಕೇಳಿ

ಹೌದು, ಪ್ಲೇಟಿನ ಬಗ್ಗೆ ಬರೆಯುತ್ತಾ ಫೋನ್ ಅಂತಿದ್ದೇನೆ. ಯಾವುದಾದರೂ ಹಾಡಿನ ಆ್ಯಪ್‌ನಲ್ಲಿ ಈ ಆಲ್ಬಂ ಹುಡುಕಿ, ಹೆಡ್‌ಫೋನ್ ಹಾಕಿ ಎರಡು ಮೂರು ಸಲ ಪೂರ್ತಿ ಕೇಳಿ. ಇದಕ್ಕೆ ಎರಡು ಕಾರಣ. ಒಂದು, ಇಷ್ಟು ನಿಧಾನದ ಹಾಡುಗಳು ನಿಮಗೆ ಹಿಡಿಸುತ್ತವಾ ಇಲ್ಲವಾ ಅಂತ ಗೊತ್ತಾಗುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ಹಾಡನ್ನು ರಾತ್ರಿ ದೀಪ ಆರಿಸಿ ಕೇಳುವವರಿಗೆ ಖಂಡಿತ ಹಿಡಿಸುತ್ತದೆ ಅನ್ನೋದು ನನ್ನ ಅಂದಾಜು. ಇನ್ನೊಂದು, ಸರಿಯಾದ ಧ್ವನಿ ಹೇಗಿರುತ್ತದೆ ಅಂತ ಕಿವಿಯಲ್ಲಿ ಕೂತುಬಿಟ್ಟರೆ ಅಂಗಡಿಯಲ್ಲಿ ಸವೆದ ಪ್ಲೇಟು ಹಾಕಿದಾಗ ತಕ್ಷಣ ಪತ್ತೆಯಾಗುತ್ತದೆ. ಪಿಟೀಲು ಮೇಲಿನ ಸ್ವರಕ್ಕೆ ಹೋದಾಗ ರೇಷ್ಮೆ ಥರ ಇರಬೇಕು. ಸವೆದಿದ್ದರೆ ಹರಿದ ಬಟ್ಟೆ ಥರ ಕೇಳಿಸುತ್ತದೆ.

ಯಾವ ಪ್ರತಿ?

1957ರಲ್ಲಿ ಸ್ಟೀರಿಯೊ ಎಲ್‌ಪಿ ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಹಾಗಾಗಿ ಮೊದಲು ಬಂದ ಪ್ರತಿಗಳೆಲ್ಲ ಮೊನೊ, ಅಂದರೆ ಎಡ ಬಲ ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು; ಸ್ಟೀರಿಯೊದಲ್ಲಿ ಎರಡರಲ್ಲೂ ಬೇರೆ ಬೇರೆ. ಅವುಗಳ ನಂಬರ್ ಡಬ್ಲ್ಯೂ 824. ಆಮೇಲೆ ಸ್ಟೀರಿಯೊ ಬಂದಾಗ ಮುಂದೊಂದು ಎಸ್ ಸೇರಿಸಿ ಎಸ್‌ಡಬ್ಲ್ಯೂ 824 ಮಾಡಿದರು. ಕವರ್ ಮೇಲೂ ಪ್ಲೇಟಿನ ನಡುವಿನ ಲೇಬಲ್ ಮೇಲೂ ಈ ನಂಬರ್ ನೋಡಿ, ಎರಡೂ ಒಂದೇ ಇರಬೇಕು. ಹಳೇ ಪ್ಲೇಟುಗಳಲ್ಲಿ ಒಂದರ ಕವರಿಗೆ ಇನ್ನೊಂದು ಪ್ಲೇಟು ಸೇರಿಕೊಂಡಿರೋದು ಮಾಮೂಲು.

ಲೇಬಲ್ ಕಪ್ಪಗಿದ್ದು ಸುತ್ತ ಕಾಮನಬಿಲ್ಲಿನ ಬಣ್ಣದ ಅಂಚು ಇದ್ದರೆ ಅದು 1950ರ ದಶಕದ ಕೊನೆಗೋ ಅದಾದ ಮೇಲೋ ಒತ್ತಿದ್ದು. ‘ಫಸ್ಟ್ ಪ್ರೆಸ್’ ಅಂತ ಯಾರಾದರೂ ಅದಕ್ಕೆ ಜಾಸ್ತಿ ರೇಟು ಹೇಳಿದರೆ ಕೊಡಬೇಡಿ. ಅಷ್ಟೇ ಅಲ್ಲ, ಮೊದಲ ಒತ್ತೇ ಆಗಿದ್ದರೂ ‘ಅಪರೂಪದ್ದು ಸಾರ್’ ಅನ್ನೋ ಮಾತಿಗೆ ಮರುಳಾಗಬೇಡಿ. ಇದು ಪಟ್ಟಿಯ ಮೊದಲ ಸ್ಥಾನಕ್ಕೆ ಹೋದ ಆಲ್ಬಂ, ಅಮೆರಿಕದ ಮನೆ ಮನೆಯಲ್ಲಿತ್ತು. ಪ್ರತಿ ಸಿಗೋದು ಕಷ್ಟವಲ್ಲ, ಸವೆಯದ ಪ್ರತಿ ಸಿಗೋದು ಕಷ್ಟ. ದುಡ್ಡು ಕೊಡೋದಾದರೆ ಸ್ಥಿತಿಗೆ ಕೊಡಿ, ವಯಸ್ಸಿಗೆ ಬೇಡ.

ಮೊನೊ ಬೇಕಾ ಸ್ಟೀರಿಯೊ ಬೇಕಾ ಅಂತ ಕೇಳಿದರೆ ನನ್ನ ಓಟು ಮೊನೊಗೆ. ಸ್ಟೀರಿಯೊದಲ್ಲಿ ಪಿಟೀಲುಗಳು ಎರಡೂ ಕಡೆ ಹರಡಿಕೊಂಡು ಕೋಣೆ ತುಂಬುತ್ತವೆ, ಅದು ಚಂದವೇ. ಮೊನೊದಲ್ಲಿ ದನಿ ಮತ್ತು ಮೇಳ ಒಂದೇ ಕಡೆಯಿಂದ, ಒಬ್ಬರ ಹಿಂದೆ ಒಬ್ಬರು ನಿಂತ ಹಾಗೆ ಬರುತ್ತವೆ. ಇಂಥ ಹಾಡಿಗೆ ಅದು ನನಗೆ ಹೆಚ್ಚು ಹತ್ತಿರ ಅನ್ನಿಸುತ್ತದೆ. ಹಳೇದರ ತಲೆನೋವೇ ಬೇಡ ಅನ್ನುವವರಿಗೆ ಅಮೆರಿಕದ ಅನಲಾಗ್ ಪ್ರೊಡಕ್ಷನ್ಸ್ ಕಂಪನಿ ಎರಡು ಪ್ಲೇಟಿನ, 45 ಸ್ಪೀಡಿನ (ನಿಮಿಷಕ್ಕೆ 45 ಸುತ್ತು) ಮರುಮುದ್ರಣ ತಂದಿತ್ತು. ಧ್ವನಿ ತಂತ್ರಜ್ಞರಾದ ಸ್ಟೀವ್ ಹಾಫ್‌ಮನ್, ಕೆವಿನ್ ಗ್ರೇ ಇಬ್ಬರೂ ಮೂಲ ಟೇಪಿನಿಂದ ಮಾಡಿದ್ದು. ಬೆಲೆ ಜಾಸ್ತಿ, ಆದರೆ ಸದ್ದು ಬಹಳ ಸ್ವಚ್ಛ.

ಅಮೆರಿಕದಲ್ಲಿ ಅಕ್ಕನೋ ಭಾವನೋ ಇದ್ದರೆ ಅವರಿಗೆ ಹೇಳಿ. ಅಲ್ಲಿನ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಹುಡುಕೋದು ಸುಲಭ. ಬರುವಾಗ ಸೂಟ್‌ಕೇಸಿನಲ್ಲಿ ಬೇಡ, ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು ಕೈಚೀಲದಲ್ಲಿ ತರಲಿ. ಅಂಚೆಯಲ್ಲಿ ತರಿಸುವುದಾದರೆ ಪ್ಲೇಟನ್ನು ಕವರಿನಿಂದ ಹೊರಗೆ ತೆಗೆದು ಪಕ್ಕದಲ್ಲಿ ಇಟ್ಟು ಪ್ಯಾಕ್ ಮಾಡೋಕೆ ಹೇಳಿ. ಒಳಗೇ ಇದ್ದರೆ ದಾರಿಯಲ್ಲಿ ಜಾರಾಡಿ ಅರವತ್ತು ವರ್ಷ ದಾಟಿದ ಕವರಿನ ಅಂಚು ಸೀಳಿಬಿಡುತ್ತದೆ.

ಹೊಳಪು ನೋಡಿ ಮೋಸ ಹೋಗಬೇಡಿ

ನನ್ನ ಮೊದಲ ಪ್ರತಿ ಆನ್‌ಲೈನಲ್ಲಿ ತರಿಸಿದ್ದು. ಫೋಟೋದಲ್ಲಿ ಕನ್ನಡಿ ಥರ ಹೊಳೆಯುತ್ತಿತ್ತು, ಒಂದು ಗೀರೂ ಇರಲಿಲ್ಲ. ಮನೆಗೆ ಬಂದ ಮೇಲೆ ಹಾಕಿದರೆ ಮೊದಲೆರಡು ಹಾಡು ಪರವಾಗಿಲ್ಲ, ಒಳಗೆ ಹೋದ ಹಾಗೆ ಕೋಲ್ ಅವರ ‘ಸ’ಕಾರವೆಲ್ಲ ಉಗುಳು ಸಿಡಿದ ಹಾಗೆ, ಪಿಟೀಲು ಏರಿದಲ್ಲೆಲ್ಲ ಕರ್ ಅಂತ. ತೊಳೆದೆ, ಮತ್ತೆ ತೊಳೆದೆ, ಏನೂ ಆಗಲಿಲ್ಲ. ಅದು ಕೊಳೆಯಲ್ಲ, ಸವೆತ. ಹಿಂದೆ ಯಾರದೋ ಮನೆಯ ರೇಡಿಯೋಗ್ರಾಂನಲ್ಲಿ ಮುಳ್ಳು ಹಿಡಿಯುವ ಭಾರದ ತೋಳು, ಸವೆದ ಮುಳ್ಳು ಸೇರಿ ಹಾಡು ಕೊರೆದ ಗೆರೆಯ ಗೋಡೆಗಳನ್ನೇ ಕೆರೆದುಹಾಕಿದ್ದವು. ಮೇಲಿನ ಗೀರು ಕಣ್ಣಿಗೆ ಕಾಣುತ್ತದೆ, ಸವೆತ ಕಾಣೋದಿಲ್ಲ.

ಅದಕ್ಕೇ ಅಂಗಡಿಯಲ್ಲಿ ಕೇಳಿ ನೋಡಲು ಬಿಟ್ಟರೆ ಮೊದಲ ಹಾಡು ಹಾಕಿಸಬೇಡಿ. ಎರಡನೇ ಬದಿಯ ಕೊನೆಯ ಹಾಡು ಹಾಕಿಸಿ. ಆಲ್ಬಂನ ಹೆಸರಿನ ಹಾಡೇ ಅಲ್ಲಿರೋದು. ಪ್ಲೇಟಿನ ಹೊರಗಡೆ ಗೆರೆಯ ಒಂದು ಸುತ್ತು ಉದ್ದ, ಒಳಗಡೆ ಬಂದ ಹಾಗೆ ಅದೇ ಒಂದು ಸುತ್ತು ಗಿಡ್ಡ. ಅಷ್ಟೇ ಹೊತ್ತಿನ ಹಾಡು ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ತುಂಬಿರುತ್ತದೆ, ಹಾಗಾಗಿ ಸವೆತ ಮೊದಲು ಗೊತ್ತಾಗೋದು ಅಲ್ಲೇ. ಕೊನೆಯ ಹಾಡು ಸ್ವಚ್ಛವಾಗಿ ಬಂದರೆ ಆ ಬದಿ ಬಹುಪಾಲು ಚೆನ್ನಾಗಿರುತ್ತದೆ. ಆಮೇಲೆ ಇನ್ನೊಂದು ಬದಿಗೂ ಇದೇ ಪರೀಕ್ಷೆ ಮಾಡಿ.

ಕೇಳೋಕೆ ಬಿಡದಿದ್ದರೆ ಕಣ್ಣು, ಬೆರಳು ಬಳಸಿ. ಪ್ಲೇಟನ್ನು ಅಂಚಿನಲ್ಲಿ ಹಿಡಿದು ಬಲ್ಬಿನ ಕೆಳಗೆ ಓರೆ ಮಾಡಿ ತಿರುಗಿಸಿ. ಗೀರಿನ ಮೇಲೆ ಬೆರಳ ತುದಿಯನ್ನು ಹಗುರಾಗಿ ಆಡಿಸಿದಾಗ ಕೈಗೆ ತಗುಲಿದರೆ ಅದು ಟಕ್ ಟಕ್ ಅನ್ನೋದು ಗ್ಯಾರಂಟಿ, ತಗುಲದಿದ್ದರೆ ಎಷ್ಟೋ ಸಲ ಕೇಳಿಸೋದೇ ಇಲ್ಲ. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಕೂದಲೆಳೆಯಂಥ ಗೆರೆಗಳು ತುಂಬಾ ಇದ್ದರೆ ಪ್ಲೇಟು ಬಹಳ ಸಲ ಹಾಕಿದ್ದಾರೆ ಅಂತ ಅರ್ಥ, ಪ್ಲೇಯರಿನ ನಡುವಿನ ಕಡ್ಡಿಗೆ ತೂತು ಸಿಗದೆ ತಡಕಾಡಿದ ಗುರುತು ಅವು. ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟಗಿದೆಯಾ ನೋಡಿ. ಮೂಸಿ ನೋಡಿ. ಬೂಷ್ಟಿನ ವಾಸನೆ ಕವರಿಗೆ ಹಿಡಿದಿದ್ದರೆ ಹೋಗೋದು ಕಷ್ಟ.

ತೊಳೆಯೋದು

ಇದಕ್ಕೆ ದುಬಾರಿ ಮಿಷನ್ ಬೇಡ. ಡಿಸ್ಟಿಲ್ಡ್ ವಾಟರ್ ಬೇಕು. ಪೆಟ್ರೋಲ್ ಬಂಕಿನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಬಾಟಲಿ ಮೇಲೆ ಡಿಸ್ಟಿಲ್ಡ್ ವಾಟರ್ ಅಂತಲೇ ಇದೆಯಾ ಓದಿ, ಪಕ್ಕದಲ್ಲೇ ಆಸಿಡ್ ಬಾಟಲಿಯೂ ಇರುತ್ತದೆ. ನಲ್ಲಿ ನೀರು, ಬೋರ್ ನೀರು ಬೇಡವೇ ಬೇಡ. ಆರಿದ ಮೇಲೆ ಅದರ ಉಪ್ಪು, ಸುಣ್ಣ ಗೆರೆಯೊಳಗೆ ಕೂತುಬಿಡುತ್ತದೆ, ನಿಮ್ಮ ಮನೆಯ ಬಕೆಟ್ಟಿನ ಅಂಚಿನಲ್ಲಿ ಬಿಳಿ ಕಟ್ಟುತ್ತಲ್ಲ, ಅದೇ.

ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ ಹಾಕಿ. ಪ್ಲೇಟನ್ನು ದಪ್ಪ ಟವಲ್ ಮೇಲೆ ಮಲಗಿಸಿ. ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ಅದ್ದಿ, ಹಿಂಡಿ, ಗೆರೆ ಹೋದ ಕಡೆಗೇ ಸುತ್ತ ಒರೆಸಿ. ಅಡ್ಡಡ್ಡ ಉಜ್ಜಬೇಡಿ. ನಡುವಿನ ಲೇಬಲ್ ಕಾಗದದ್ದು, ಅದಕ್ಕೆ ನೀರು ತಾಗಬಾರದು. ಸ್ಟೀಲಿನ ಸಣ್ಣ ಡಬ್ಬಿಯ ಮುಚ್ಚಳ ಅದರ ಮೇಲೆ ಬೋರಲು ಹಾಕಿಕೊಂಡರೆ ಕೈ ತಪ್ಪಿದರೂ ಭಯವಿಲ್ಲ. ಆಮೇಲೆ ಲಿಕ್ವಿಡ್ ಇಲ್ಲದ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಂದು ಬಟ್ಟೆಯಿಂದ ಎರಡು ಸಲ ಒರೆಸಿ. ಈ ಎರಡನೇ ಸುತ್ತು ಬಿಟ್ಟರೆ ಸೋಪಿನ ಪೊರೆ ಉಳಿದು ಮುಳ್ಳಿಗೆ ಮೆತ್ತಿಕೊಳ್ಳುತ್ತದೆ.

ನನ್ನ ಈಗಿನ ಪ್ರತಿ ತೊಳೆದ ದಿನ ಬಟ್ಟೆ ಹಿಂಡಿದಾಗ ಬಂದ ನೀರು ಡಿಕಾಕ್ಷನ್ ಬಣ್ಣಕ್ಕಿತ್ತು. ಯಾರದೋ ಮನೆಯ ಎಷ್ಟೋ ವರ್ಷದ ಸಿಗರೇಟು ಹೊಗೆ ಇರಬೇಕು. ಮೂರನೇ ಬಟ್ಟೆಗೆ ನೀರು ತಿಳಿಯಾಯಿತು. ಆಮೇಲೆ ಹಾಕಿದಾಗ ಮುಳ್ಳು ಇಳಿಯುವ ಮೊದಲ ಸುತ್ತಿನ ಆ ಮೌನ ಕೇಳಬೇಕಿತ್ತು ನೀವು.

ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಹಪ್ಪಳದ ಥರ ಸೊಟ್ಟಗಾಗುತ್ತದೆ. ಫ್ಯಾನೂ ಬೇಡ, ಧೂಳು ತಂದು ಮತ್ತೆ ಅದರ ಮೇಲೇ ಹಾಕುತ್ತದೆ. ಒಂದು ಎಚ್ಚರಿಕೆ: ಅಜ್ಜನ ಕಾಲದ 78 ಸ್ಪೀಡಿನ ಪ್ಲೇಟು ಮನೆಯಲ್ಲಿದ್ದರೆ ಅದಕ್ಕೆ ಸ್ಪಿರಿಟ್ ಸೋಕಿಸಬೇಡಿ. ಅವುಗಳಲ್ಲಿ ಇರೋದು ಅರಗು, ಸ್ಪಿರಿಟ್ ತಾಗಿದರೆ ಕರಗುತ್ತದೆ.

ಮುಳ್ಳು, ತೂಕ, ಮೊನೊ ಬಟನ್

ಸೂಟ್‌ಕೇಸಿನ ಆಕಾರದ ಅಗ್ಗದ ಪ್ಲೇಯರ್‌ಗಳು ನೋಡೋಕೆ ಚಂದ. ಅವುಗಳಲ್ಲಿ ಬಹುಪಾಲಿನ ತೋಳು ಭಾರ, ತೂಕ ಹೊಂದಿಸೋಕೂ ಬರೋದಿಲ್ಲ. ಇಷ್ಟು ಹುಡುಕಿ ತಂದ ಪ್ಲೇಟನ್ನು ಅದರ ಮೇಲೆ ಹಾಕಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ತೋಳಿನ ಹಿಂದೆ ತಿರುಗಿಸುವ ತೂಕ ಇರುವ ಟರ್ನ್‌ಟೇಬಲ್ ಬೇಕು. ಈಗಿನ ಸಾಧಾರಣ, ಮುಳ್ಳು ಕೂರಿಸಿರುವ ಕಾರ್ಟ್ರಿಜ್‌ಗಳಿಗೆ ಒಂದೂವರೆಯಿಂದ 2 ಗ್ರಾಂ ಸಾಕಾಗುತ್ತದೆ, ನಿಮ್ಮದರ ಜೊತೆ ಬಂದ ಚೀಟಿಯಲ್ಲಿ ಸರಿಯಾದ ಅಂಕಿ ಇರುತ್ತದೆ. ತೂಕ ಕಡಿಮೆ ಇದ್ದಷ್ಟೂ ಒಳ್ಳೇದು ಅಂದುಕೊಳ್ಳಬೇಡಿ. ಹಗುರಾದರೆ ಮುಳ್ಳು ಗೆರೆಯಲ್ಲಿ ಕುಣಿದು ಅದೂ ಗೋಡೆ ಕೆಡಿಸುತ್ತದೆ.

ಅಮೆರಿಕದಿಂದ ವಾಪಸ್ ಬಂದವರು ಅಲ್ಲಿನ ಹಳೇ ಟರ್ನ್‌ಟೇಬಲ್ ತಂದಿದ್ದರೆ ಟ್ರಾನ್ಸ್‌ಫಾರ್ಮರ್ ಒಂದೇ ಸಾಲದು. ಕರೆಂಟಿನ ಹರ್ಟ್ಸ್ ಲೆಕ್ಕಕ್ಕೆ ತಿರುಗುವ ಮೋಟಾರಾಗಿದ್ದರೆ ಅಲ್ಲಿನ 60ರ ಬದಲು ಇಲ್ಲಿನ 50ರಲ್ಲಿ ಅದು ಆರನೇ ಒಂದು ಭಾಗ ನಿಧಾನವಾಗುತ್ತದೆ. ಕೋಲ್ ಅವರ ದನಿ ಮೊದಲೇ ತಗ್ಗಿನದು, ಇನ್ನೂ ತಗ್ಗಿ ಯಾರೋ ನಿದ್ದೆಗಣ್ಣಲ್ಲಿ ಹಾಡಿದ ಹಾಗಾಗುತ್ತದೆ. ಮೋಟಾರಿನ ರಾಟೆ ಬದಲಾಯಿಸಬೇಕು, ಇಲ್ಲ ಬೇರೆ ಟರ್ನ್‌ಟೇಬಲ್ ನೋಡಬೇಕು.

ಈಗ ಈ ಲೇಖನದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟದ ವಿಷಯ. ಮೊನೊ ಪ್ಲೇಟಿನಲ್ಲಿ ಹಾಡು ಇರೋದು ಗೆರೆ ಎಡಕ್ಕೆ ಬಲಕ್ಕೆ ಬಳುಕುವುದರಲ್ಲಿ ಮಾತ್ರ. ಮೇಲೆ ಕೆಳಗೆ ಏನೂ ಇಲ್ಲ. ಆದರೆ ನಮ್ಮ ಈಗಿನ ಸ್ಟೀರಿಯೊ ಮುಳ್ಳು ಮೇಲೆ ಕೆಳಗಿನ ಅಲುಗಾಟವನ್ನೂ ಓದುತ್ತದೆ. ಹಾಗಾಗಿ ಗೆರೆಯ ತಳದ ಧೂಳು, ಟರ್ನ್‌ಟೇಬಲ್‌ನ ಗುರ್ ಎಲ್ಲವೂ ಹಾಡಿನ ಜೊತೆ ಸ್ಪೀಕರಿಗೆ ಬಂದುಬಿಡುತ್ತವೆ. ಆಂಪ್ಲಿಫೈಯರ್‌ನಲ್ಲಿ ಮೊನೊ ಬಟನ್ ಇದ್ದರೆ ಒತ್ತಿ. ಎಡ ಬಲ ಎರಡೂ ಸೇರಿದಾಗ ಆ ಮೇಲೆ ಕೆಳಗಿನ ಸದ್ದು ಒಂದಕ್ಕೊಂದು ಹೊಡೆದುಕೊಂಡು ಹೋಗುತ್ತದೆ. ನಾನು ಮೊದಲ ಸಲ ಒತ್ತಿದಾಗ ಹೊರಗೆ ಸುರಿಯುತ್ತಿದ್ದ ತುಂತುರು ಮಳೆಯ ಕಡೆ ಯಾರೋ ಕಿಟಕಿ ಮುಚ್ಚಿದ ಹಾಗಾಯಿತು. ಇಂಥ ಮೆಲು ಹಾಡಿಗೆ ಆ ಒಂದು ಬಟನ್ ಸಾವಿರಾರು ರೂಪಾಯಿಯ ಕೇಬಲ್‌ಗಿಂತ ದೊಡ್ಡದು. ಹಳೇ ಆಂಪ್ಲಿಫೈಯರ್‌ಗಳಲ್ಲಿ ಈ ಬಟನ್ ಸಾಮಾನ್ಯವಾಗಿ ಇರುತ್ತಿತ್ತು, ಹೊಸದರಲ್ಲಿ ಬಹುಪಾಲು ಕೈಬಿಟ್ಟಿದ್ದಾರೆ, ಕೊಳ್ಳುವಾಗ ಕೇಳಿ. ಉಲ್ಟಾ ತಪ್ಪು ಮಾತ್ರ ಮಾಡಬೇಡಿ: ಸ್ಟೀರಿಯೊ ಪ್ಲೇಟಿನ ಮೇಲೆ ಹಳೇ ಕಾಲದ ಮೊನೊ ಮುಳ್ಳು ಓಡಿಸಿದರೆ ಪ್ಲೇಟು ಹಾಳಾಗುತ್ತದೆ.

ಕೇಳೋದು

ಮೊದಲ ಸಲ ಪೂರ್ತಿ ಬೇಡ. ಮೊದಲ ಬದಿಯ ಮೂರನೇ ಹಾಡು ‘ಸ್ಟಾರ್‌ಡಸ್ಟ್’ ಮೇಲೆ ಮುಳ್ಳಿಡಿ. ಸಂಗೀತಗಾರ ಹೋಗೀ ಕಾರ್ಮೈಕಲ್ 1927ರಲ್ಲಿ ರಾಗ ಹಾಕಿದ್ದು, ಮಿಚೆಲ್ ಪ್ಯಾರಿಷ್ 1929ರಲ್ಲಿ ಮಾತು ಬರೆದಿದ್ದು. ಈ ಹಾಡಿಗೆ ಒಂದು ಪೀಠಿಕೆ ಇದೆ, ಮುಖ್ಯ ಹಾಡಿಗಿಂತ ಮೊದಲು ಬರುವ ಸಾಲುಗಳು. ಎಷ್ಟೋ ಜನ ಅದನ್ನು ಬಿಟ್ಟೇ ಹಾಡುತ್ತಾರೆ. ಕೋಲ್ ಬಿಡೋದಿಲ್ಲ. ದೇವರನಾಮಕ್ಕೆ ಮೊದಲು ಉಗಾಭೋಗ ಹಾಡುತ್ತಾರಲ್ಲ, ಮಾತಿದೆ ಆದರೆ ತಾಳದ ಕಟ್ಟಿಲ್ಲ, ಹಾಗೆಯೇ ಇಲ್ಲೂ. ಮೇಳ ಅವರಿಗಾಗಿ ಕಾಯುತ್ತದೆ, ಅವರು ಒಂದೊಂದು ಮಾತನ್ನೂ ಇಟ್ಟು ಮುಂದೆ ಹೋಗುತ್ತಾರೆ. ಮುಖ್ಯ ಹಾಡಿಗೆ ಬಂದಾಗ ಲಯ ಮೆಲ್ಲಗೆ ಕೂಡಿಕೊಳ್ಳುತ್ತದೆ. ಅದು ಎಲ್ಲಿ ಕೂಡಿತು ಅಂತ ಹಿಡಿಯೋಕೆ ನೋಡಿ. ಇನ್ನೊಬ್ಬ ಹೆಸರಾಂತ ಹಾಡುಗಾರ ಫ್ರ್ಯಾಂಕ್ ಸಿನಾತ್ರಾ ಆಮೇಲೆ ಇದೇ ಹಾಡಿನ ಪೀಠಿಕೆಯನ್ನು ಮಾತ್ರ ಹಾಡಿ ಮುಖ್ಯ ಹಾಡನ್ನೇ ಬಿಟ್ಟು ರೆಕಾರ್ಡ್ ಮಾಡಿದರು, ಅಷ್ಟು ಚಂದದ ಸಾಲುಗಳು ಅವು.

ಎರಡನೇ ಸಲ ಅದೇ ಹಾಡಿನಲ್ಲಿ ಪದಗಳ ಕೊನೆಯನ್ನು ಗಮನಿಸಿ. ಅವರು ಪದವನ್ನು ಎಳೆದು ಬಿಟ್ಟುಬಿಡೋದಿಲ್ಲ, ಕೊನೆಯ ವ್ಯಂಜನವನ್ನು ಮೆತ್ತಗೆ ಮುಚ್ಚುತ್ತಾರೆ. ಪಿಯಾನೋದ ಮನೆಯಿಂದ ಬೆರಳು ಎತ್ತಿದ ಹಾಗೆ. ಬಾಗಿಲು ಹಾಕಿದ ಸದ್ದಾಗದಂತೆ ಹಾಕಿದ್ದಾರೆ ಅನ್ನಿಸುತ್ತದೆ. ಪ್ಲೇಟು ಸ್ವಚ್ಛವಾಗಿದ್ದರೆ ಮಾತ್ರ ಇದು ಕೇಳಿಸುತ್ತದೆ, ಇಷ್ಟೆಲ್ಲ ತೊಳೆದಿದ್ದು ಇದಕ್ಕೇ.

ಆಮೇಲೆ ಶುರುವಿನ ‘ವೆನ್ ಐ ಫಾಲ್ ಇನ್ ಲವ್’ ಕೇಳಿ. ಇದರ ರಾಗ ವಿಕ್ಟರ್ ಯಂಗ್ ಅವರದು. ‘ಲವ್ ಲೆಟರ್ಸ್’, ‘ವೇರ್ ಕ್ಯಾನ್ ಐ ಗೋ ವಿದೌಟ್ ಯೂ’, ಕೊನೆಯ ‘ಲವ್ ಈಸ್ ದ ಥಿಂಗ್’ ಇವೂ ಅವರದೇ. ಈ ಆಲ್ಬಂ ರೆಕಾರ್ಡ್ ಆಗುವುದಕ್ಕೆ ಒಂದು ತಿಂಗಳ ಹಿಂದೆ, 1956ರ ನವೆಂಬರ್‌ನಲ್ಲಿ, ಅವರು ತೀರಿಕೊಂಡಿದ್ದರು. ಮೊದಲ ಹಾಡೂ ಕೊನೆಯ ಹಾಡೂ ಅವರದೇ ಆಗಿರೋದು ಬೇಕೆಂದೇ ಮಾಡಿದ್ದೋ ಹಾಗೇ ಆಗಿದ್ದೋ, ನನಗಂತೂ ಈ ಪ್ಲೇಟು ಅವರಿಗೆ ಇಟ್ಟ ಹೂವಿನ ಥರ ಕಾಣುತ್ತದೆ.

‘ಇಟ್ಸ್ ಆಲ್ ಇನ್ ದ ಗೇಮ್’ ಬಂದಾಗ ಮಾತು ಬಿಟ್ಟು ರಾಗವನ್ನೇ ಹಿಂಬಾಲಿಸಿ. 1911ರಲ್ಲಿ ಆ ರಾಗ ಕಟ್ಟಿದವರು ಚಾರ್ಲ್ಸ್ ಡಾಸ್. ಆಮೇಲೆ ಅವರು ಅಮೆರಿಕದ ಉಪಾಧ್ಯಕ್ಷರಾದರು, 1925ರ ಶಾಂತಿ ನೊಬೆಲ್ ಪಡೆದವರಲ್ಲೂ ಒಬ್ಬರು. ಅದಕ್ಕೆ ಪ್ರೇಮದ ಮಾತು ಬರೆದದ್ದು ಕಾರ್ಲ್ ಸಿಗ್ಮನ್, 1951ರಲ್ಲಿ.

ಒಂದು ಬದಿ ಮುಗಿದ ಕೂಡಲೇ ಎದ್ದು ತಿರುಗಿಸಬೇಡಿ, ಐದು ನಿಮಿಷ ಬಿಡಿ. ವಾಲ್ಯೂಮ್ ಜಾಸ್ತಿ ಬೇಡ. ಎದುರಿನ ಕುರ್ಚಿಯಲ್ಲಿ ಕೂತವರು ಮಾತಾಡಿದರೆ ಎಷ್ಟು ಕೇಳಿಸುತ್ತದೋ ಅಷ್ಟು ಸಾಕು. ಸಂಜೆಗಿಂತ ರಾತ್ರಿ ಹತ್ತರ ಮೇಲೆ ಒಳ್ಳೇದು, ಕುಕ್ಕರ್ ಕೂಗು, ಸ್ಕೂಟರ್ ಸದ್ದು ನಿಂತಿರುತ್ತದೆ.

ಎತ್ತಿಡೋದು

ನಿಲ್ಲಿಸಿ ಇಡಿ, ಒಂದರ ಮೇಲೊಂದು ಮಲಗಿಸಬೇಡಿ. ಹಳೇ ಒಳಕವರಿನ ಕಾಗದ ಪುಡಿಪುಡಿಯಾಗಿ ಗೆರೆಗೆ ಸೇರುತ್ತದೆ, ಅದನ್ನು ನೆನಪಿಗೆ ಬೇರೆ ಎತ್ತಿಟ್ಟು ಪ್ಲೇಟಿಗೆ ಹೊಸ ಪ್ಲಾಸ್ಟಿಕ್ ಒಳಕವರ್ ಹಾಕಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಡಬಾರದು. ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಹದಿನೈದು ದಿನಕ್ಕೊಮ್ಮೆ ಬಾಗಿಲು ತೆರೆದು ಗಾಳಿ ಆಡಿಸಿ.

ಇದು ಹಿಡಿಸಿದರೆ ಕೋಲ್ ಮತ್ತು ಜೆಂಕಿನ್ಸ್ ಮತ್ತೆ ಒಟ್ಟಿಗೆ ಮಾಡಿದ ‘ದ ವೆರಿ ಥಾಟ್ ಆಫ್ ಯೂ’ ಹುಡುಕಿ, 1958ರದ್ದು. 1963ರ ‘ವೇರ್ ಡಿಡ್ ಎವ್ರಿವನ್ ಗೋ’ ಇನ್ನೂ ಒಂಟಿತನದ ಆಲ್ಬಂ, ಮನಸ್ಸು ಗಟ್ಟಿ ಇರುವಾಗ ಕೇಳಿ. ಯಾವುದೇ ಕೊಂಡರೂ ಅಂಗಡಿಯಲ್ಲಿ ಮೊದಲು ಕೊನೆಯ ಹಾಡು ಹಾಕಿಸಿ.